ಅಪ್ಪನ ಟೇಪ್ ಎಕೊ ಮಸುಕಾಗಿದೆ, ಎಲ್ಲಿಂದ ನೋಡಲಿ?

ಕೇಳಿದ್ದು: ನಮ್ಮಪ್ಪ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಅವರ ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೊ, ಅಂದರೆ ದನಿಯನ್ನು ಟೇಪಿಗೆ ಬರೆದು ಸ್ವಲ್ಪ ತಡವಾಗಿ ತಿರುಗಿ ಕೇಳಿಸುವ ಮೆಷಿನ್, ಹದಿನೈದು ವರ್ಷ ಅಟ್ಟದ ಮೇಲಿತ್ತು. ಮೊನ್ನೆ ಇಳಿಸಿದೆ. ಲೈಟ್ ಬರುತ್ತದೆ, ಟೇಪ್ ಓಡುತ್ತದೆ, ಎಕೊ ಇಲ್ಲದ ನೇರ ದನಿ ಚೆನ್ನಾಗಿದೆ. ಎಕೊ ಮಾತ್ರ ಕಂಬಳಿ ಹೊದ್ದು ಮಾತಾಡಿದ ಹಾಗಿದೆ. ಸ್ವಲ್ಪ ಹೊತ್ತಿಗೊಮ್ಮೆ ‘ಟಕ್’ ಅನ್ನುತ್ತದೆ. ಹಳೇ ಟೇಪ್ ತುಂಡಾಗಿತ್ತು, ಸ್ಪೂಲ್ ಟೇಪ್ ತಂದು ನಾನೇ ತುದಿ ಜೋಡಿಸಿ ಲೂಪ್ ಮಾಡಿ ಹಾಕಿದೆ. ತೋರಿಸಿದ ಕಡೆ ‘ಕೆಪಾಸಿಟರ್ ಎಲ್ಲಾ ಬದಲಾಯಿಸಬೇಕು’ ಅಂದರು. ಹೌದಾ?

ಮೈಸೂರಿನಿಂದ, ಮೂವತ್ತು ವರ್ಷ ಟೇಪ್ ಡೆಕ್ ರಿಪೇರಿ ಮಾಡಿದವರು: ಕೆಪಾಸಿಟರ್ ಆಮೇಲೆ. ನೇರ ದನಿ ಸರಿಯಿದೆ, ಗುಂಯ್ ಅನ್ನುವ ಹಮ್ ಇದೆ ಅಂತ ನೀವು ಹೇಳಿಲ್ಲ. ಹಾಗಿರುವಾಗ ಬೋರ್ಡ್ ಬಿಚ್ಚುವ ಅವಸರ ಯಾಕೆ?

ಈ ಮೆಷಿನ್‌ನಲ್ಲಿ ಅಳಿಸುವ ಹೆಡ್ ಒಂದು, ರೆಕಾರ್ಡ್ ಹೆಡ್ ಒಂದು, ಪ್ಲೇ ಹೆಡ್ ಮೂರು. ಹೆಡ್ ಅಂದರೆ ಟೇಪ್ ತಾಗಿಕೊಂಡು ಹೋಗುವ, ದನಿ ಅಳಿಸುವ, ಬರೆಯುವ ಅಥವಾ ಓದುವ ತುಂಡು. ಮೋಡ್ ಸ್ವಿಚ್ಚನ್ನು 1, 2, 3ಕ್ಕೆ ತಿರುಗಿಸಿದರೆ ಒಂದೊಂದೇ ಪ್ಲೇ ಹೆಡ್ ಕೇಳುತ್ತದೆ. ಉದಾಹರಣೆಗೆ 2ರಲ್ಲಿ ಮಾತ್ರ ಮಸುಕಿದ್ದರೆ ಆ ಹೆಡ್ ಮೇಲೆ ಕೊಳೆ ಕೂತಿದೆ, ಇಲ್ಲಾ ಅದು ಸವೆದಿದೆ. ಮೂರರಲ್ಲೂ ಒಂದೇ ತರ ಮಸುಕಿದ್ದರೆ ಪ್ಲೇ ಹೆಡ್‌ಗಳನ್ನು ಬಿಡಿ. ಮೂರೂ ಒಟ್ಟಿಗೆ ಕೆಡುವುದು ಅಪರೂಪ. ಟೇಪ್ ನೋಡಿ, ರೆಕಾರ್ಡ್ ಹೆಡ್ ನೋಡಿ.

ಇನ್ನೊಂದು ಪರೀಕ್ಷೆ. ಒಂದು ಸಲ ‘ಹಲೋ’ ಅಂದು ಎಕೊ ಎಷ್ಟು ಸಲ ಮರುಕಳಿಸಬೇಕು ಅನ್ನುವ ಇಂಟೆನ್ಸಿಟಿ ನಾಬ್ ಪೂರ್ತಿ ಇಳಿಸಿ ಸುಮ್ನೆ ಕೂತುಕೊಳ್ಳಿ. ಲೂಪ್ ಒಂದು ಸುತ್ತು ಬಂದಾಗ ಅದೇ ಹಲೋ ಮತ್ತೆ ಕೇಳಿಸಿತಾ? ಹಾಗಾದರೆ ಅಳಿಸುವ ಕೆಲಸ ಆಗುತ್ತಿಲ್ಲ. ಅಳಿಸುವ ಹೆಡ್‌ಗೂ ರೆಕಾರ್ಡಿಂಗ್‌ಗೆ ಬೇಕಾದ, ದನಿ ಒಡೆಯದಂತೆ ಅದರ ಜೊತೆ ಬೆರೆಸುವ ಬಯಾಸ್‌ಗೂ ಕರೆಂಟ್ ಬರುವುದು ಒಂದೇ ಆಸಿಲೇಟರ್ ಸರ್ಕ್ಯೂಟ್‌ನಿಂದ. ಅದು ಸತ್ತರೆ ಹಳೆಯದು ಅಳಿಯುವುದಿಲ್ಲ, ಹೊಸದು ಒಡೆದ ದನಿಯಲ್ಲಿ ಕ್ಷೀಣವಾಗಿ ಬರುತ್ತದೆ. ಎರಡೂ ಒಟ್ಟಿಗೆ ಕಂಡರೆ ಮಾತ್ರ ಸೋಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳಿ.

ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ ಕಡ್ಡಿ ಸಾಕು. ಕಡ್ಡಿ ಕಂದು ಬಣ್ಣ ಬಿಡುವುದು ನಿಲ್ಲುವ ತನಕ ಒರೆಸಿ. ಟೇಪನ್ನು ಒತ್ತಿ ಹಿಡಿದು ಓಡಿಸುವ ಪಿಂಚ್ ರೋಲರ್‌ನ ರಬ್ಬರಿಗೆ ಮಾತ್ರ ಅದನ್ನು ಸುರಿಯಬೇಡಿ, ಒಣಗಿ ಗಟ್ಟಿಯಾಗುತ್ತದೆ. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಆಯಸ್ಕಾಂತ ಹಿಡಿದ ಸ್ಕ್ರೂಡ್ರೈವರ್ ಹೆಡ್ ಹತ್ತಿರ ಬೇಡವೇ ಬೇಡ.

ಮಂಗಳೂರಿನಿಂದ: ಟೇಪ್ ಯಾವುದು, ಜೋಡಿಸಿದ್ದು ಹೇಗೆ ಅಂತ ನೀವು ಬರೆದಿಲ್ಲ. ನನಗೆ ಅಲ್ಲೇ ಅನುಮಾನ. ನಾನು ಮಾಡಿದ ಎಡವಟ್ಟು ಹೇಳ್ತೀನಿ ಕೇಳಿ. ಜಾಯಿಂಟ್‌ಗೆ ಮನೆಯಲ್ಲಿದ್ದ ಸೆಲ್ಲೊ ಟೇಪ್ ಹಚ್ಚಿದ್ದೆ. ನಮ್ಮ ಕಡೆಯ ಸೆಖೆಗೆ ಅಂಟು ಕರಗಿ ಅಂಚಿನಿಂದ ಹೊರಗೆ ಬಂತು. ಈ ಮೆಷಿನ್‌ನಲ್ಲಿ ರೀಲ್ ಇಲ್ಲ ನೋಡಿ, ಟೇಪ್ ಪೆಟ್ಟಿಗೆಯೊಳಗೆ ಶ್ಯಾವಿಗೆ ತರ ಸಡಿಲವಾಗಿ ಬಿದ್ದಿರುತ್ತದೆ. ಒಂದು ಮಡಿಕೆ ಇನ್ನೊಂದಕ್ಕೆ ಅಂಟಿಕೊಂಡು ಇಡೀ ಲೂಪ್ ಗಂಟಾಯಿತು. ಬಿಡಿಸಲು ಒಂದು ಭಾನುವಾರ ಹೋಯಿತು.

ಸ್ಪ್ಲೈಸಿಂಗ್ ಟೇಪ್ ಅಂತಲೇ ಬೇರೆ ಸಿಗುತ್ತದೆ, ಅದನ್ನೇ ತನ್ನಿ. ಎರಡೂ ತುದಿಯನ್ನು ಒಂದರ ಮೇಲೊಂದಿಟ್ಟು ಓರೆಯಾಗಿ, 45 ಡಿಗ್ರಿಗೆ, ಹೊಸ ಬ್ಲೇಡಿನಲ್ಲಿ ಕತ್ತರಿಸಿ. ತುದಿಗಳು ಒಂದಕ್ಕೊಂದು ತಾಗಬೇಕು, ಮೇಲೇರಬಾರದು. ನೇರವಾಗಿ ಕತ್ತರಿಸಿದರೆ ಜಾಯಿಂಟ್ ಇಡಿಯಾಗಿ ಒಂದೇ ಕ್ಷಣಕ್ಕೆ ಹೆಡ್ ದಾಟುತ್ತದೆ, ‘ಟಕ್’ ಅನ್ನುತ್ತದೆ. ಅನುಮಾನ ಇದ್ದರೆ ಜಾಯಿಂಟ್ ಮೇಲೆ, ಹಿಂಬದಿಗೆ, ಬಿಳಿ ಪೆನ್ನಲ್ಲಿ ಗುರುತು ಹಾಕಿ ನೋಡುತ್ತಾ ಕೂತುಕೊಳ್ಳಿ. ಗುರುತು ದಾಟುವಾಗಲೇ ಟಕ್ ಅಂದರೆ ಕಳ್ಳ ಸಿಕ್ಕಿದ ಹಾಗೆ.

ಟೇಪ್ ಕಾಲಿಂಚು ಅಗಲದ್ದೇ ಇರಬೇಕು, ಹಿಂಬದಿಗೆ ಕಪ್ಪು ಲೇಪನ ಇರಬೇಕು. ಲೇಪನ ಇಲ್ಲದ್ದು ಒಣ ಹವೆಯಲ್ಲಿ ಸ್ಟ್ಯಾಟಿಕ್ ಹಿಡಿದು ಪೆಟ್ಟಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಲೇಪನ ಇರುವುದರಲ್ಲಿ ಇನ್ನೊಂದು ಮೋಸವಿದೆ. ಹಿಂಬದಿ ಮಂಕು ಕಪ್ಪು, ದನಿ ಬರೆಯುವ ಬದಿ ನುಣ್ಣಗೆ ಹೊಳೆಯುತ್ತದೆ. ನೋಡಿದವರಿಗೆ ಮಂಕು ಬದಿಯೇ ‘ಪುಡಿ ಹಚ್ಚಿದ್ದು’ ಅನಿಸುತ್ತದೆ, ಅಲ್ವಾ? ಹೆಡ್‌ಗೆ ತಾಗಬೇಕಾದ್ದು ಹೊಳೆಯುವ ಬದಿ.

ಬೆಂಗಳೂರಿನಿಂದ, ಅಮೆರಿಕದಿಂದ ಎಕೊಪ್ಲೆಕ್ಸ್ ಅನ್ನುವ ಟೇಪ್ ಎಕೊ ಮೆಷಿನ್ ಹೊತ್ತು ತಂದವರು: ನನ್ನದು ಬೇರೆ ಜಾತಿಯ ಮೆಷಿನ್. ಅದರಲ್ಲಿ ಮೋಟರ್ ಒಂದೇ ವೇಗದಲ್ಲಿ ಓಡುತ್ತದೆ, ಹೆಡ್ಡನ್ನೇ ಹಿಂದೆ ಮುಂದೆ ಸರಿಸಿ ಎಕೊ ದೂರ ಹತ್ತಿರ ಮಾಡಬೇಕು. ಇಲ್ಲಿಗೆ ಬಂದ ಮೇಲೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದೆ, ಆದರೂ ಟೇಪ್ ನಿಧಾನ. ಮೋಟರ್ ಹೋಯಿತು ಅಂತ ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು: ಅಲ್ಲಿನ ಕರೆಂಟ್ 60 ಹರ್ಟ್ಜ್, ಇಲ್ಲಿನದು 50, ಆ ಮೋಟರಿನ ವೇಗ ಹರ್ಟ್ಜ್ ಮೇಲೆ ನಿಂತಿದೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. ನಿಮ್ಮ 201ಕ್ಕೆ ಈ ತೊಂದರೆ ಇಲ್ಲ, ಅದರದು ಡಿಸಿ ಮೋಟರ್. ಆದರೆ ಮೆಷಿನ್ ಹಿಂಬದಿಯ ಪಟ್ಟಿಯಲ್ಲಿ ವೋಲ್ಟ್ ಎಷ್ಟಿದೆ ಅಂತ ಓದಿ. ಜಪಾನಿನ ಮಾಡೆಲ್ 100 ವೋಲ್ಟಿನದು, ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಕಥೆ ಮುಗಿಯಿತು.

ಕೇಳಿದವರು, ಎರಡು ವಾರದ ಮೇಲೆ: ನನ್ನದು 240ರ ಮಾಡೆಲ್, ಬಚಾವ್. ಮೂರೂ ಮೋಡ್‌ನಲ್ಲಿ ಮಸುಕು ಒಂದೇ ತರ ಇತ್ತು. ‘ಹಲೋ’ ತಿರುಗಿ ಬರಲಿಲ್ಲ. ಹೆಡ್ ಒರೆಸಿದೆ, ಹೆಚ್ಚೇನೂ ಬದಲಾಗಲಿಲ್ಲ. ಆಮೇಲೆ ಟೇಪ್ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಮಂಗಳೂರಿನವರೇ, ಹೊಳೆಯುವ ಬದಿ ಹೆಡ್‌ಗೆ ತಾಗದೆ ಹೊರಗಿತ್ತು. ಜಾಯಿಂಟ್‌ಗೆ ಸೆಲ್ಲೊ ಟೇಪ್. ನೇರ ಕಟ್. ಒಂದನ್ನೂ ಬಿಟ್ಟಿಲ್ಲ ನಾನು.

ಹೊಸ ಲೂಪ್ ಮಾಡಿ ಸರಿ ಬದಿಗೆ ಹಾಕಿದೆ. ಕಂಬಳಿ ಎದ್ದುಹೋಯಿತು, ಟಕ್ಕೂ ಇಲ್ಲ. ಕೆಪಾಸಿಟರ್ ಒಂದನ್ನೂ ಮುಟ್ಟಿಲ್ಲ. ಅಪ್ಪ ಬಂದು ಕೇಳಿ, ‘ಉದ್ದ ಸ್ವರ ಹಿಡಿದರೆ ಅಲುಗಾಡುತ್ತದಲ್ಲೋ’ ಅಂದರು. ಹೌದು, ಸಣ್ಣಗೆ ತೇಲುತ್ತದೆ. ಪಿಂಚ್ ರೋಲರ್ ಮುಟ್ಟಿ ನೋಡಿದೆ, ಗಾಜಿನ ಹಾಗೆ ಗಟ್ಟಿ. ಹಳೇ ರೋಲರಿಗೆ ಹೊಸ ರಬ್ಬರ್ ಹಾಕಿಸಿದವರು ಯಾರಾದರೂ ಇದ್ದರೆ, ಹೇಗೆ ಮಾಡಿಸಿದಿರಿ ಹೇಳಿ.