ಮಾಳಿಗೆಯ ಮೇಲೆ ಬೀಳುವ ಕರಿಪುಡಿ: ಪರಿಸರ ಎಂಜಿನಿಯರ್ ಅವರಿಗೆ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕೊಪ್ಪಳ ತಾಲ್ಲೂಕಿನ ಹಳ್ಳಿ, ಸಮೀಪದಲ್ಲೇ ಅದಿರಿನಿಂದ ಕಬ್ಬಿಣ ತೆಗೆಯುವ ಸ್ಪಾಂಜ್ ಐರನ್ ಕಾರ್ಖಾನೆ ಇದೆ. ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದರೆ ಸಂಜೆಯೊಳಗೆ ಬೂದುಬಣ್ಣಕ್ಕೆ ತಿರುಗಿರುತ್ತದೆ. ಮಾವನವರು ಬಿಳಿ ಧೋತರ ಉಡುವುದನ್ನೇ ಬಿಟ್ಟಿದ್ದಾರೆ. ಕಾರ್ಖಾನೆಯವರನ್ನು ಕೇಳಿದರೆ ‘ಅದು ರಸ್ತೆಯ ಧೂಳು’ ಎನ್ನುತ್ತಾರೆ. ನಿಜವೇ?

ಉತ್ತರ: ನೀವೇ ನೋಡಬಹುದು ತಂಗಿ. ಹಳೆಯ ಸ್ಪೀಕರ್‌ನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗುಡಿಸಿದ ಪುಡಿಯ ಮೇಲೆ ಆಡಿಸಿ. ಕಬ್ಬಿಣದ ಕಣಗಳು ಮುಳ್ಳುಮುಳ್ಳಾಗಿ ಎದ್ದು ಅಂಟಿಕೊಳ್ಳುತ್ತವೆ. ಕಲ್ಲಿದ್ದಲಿನ ಮಸಿ ಅಲ್ಲೇ ಉಳಿದು ಬೆರಳಿಗೆ ಕಪ್ಪಾಗಿ ಹತ್ತುತ್ತದೆ. ನಮ್ಮ ಸೀಮೆಯ ಮಣ್ಣಿನಲ್ಲೂ ಅಷ್ಟಿಷ್ಟು ಕಬ್ಬಿಣ ಇದೆಯಲ್ಲ, ಹಾಗಾಗಿ ದೂರದ ಊರಿನ ಬೀಗರ ಮಾಳಿಗೆಯಿಂದಲೂ ಒಂದು ಹಿಡಿ ತರಿಸಿ ಹೋಲಿಸಿ.

ಕಾರ್ಖಾನೆಯಲ್ಲಿ ಅದಿರು ಮತ್ತು ಕಲ್ಲಿದ್ದಲನ್ನು ತಿರುಗುವ ಕುಲುಮೆಯಲ್ಲಿ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಹೊಗೆ ಚಿಮಣಿ ಸೇರುವ ಮೊದಲು ಇಎಸ್‌ಪಿ ಎಂಬ ಯಂತ್ರ ವಿದ್ಯುತ್ತಿನ ಸೆಳೆತದಿಂದ ಧೂಳನ್ನು ಹಿಡಿಯಬೇಕು. ಅದು ಕೆಟ್ಟರೂ ನಿಂತರೂ ಪುಡಿ ನೇರವಾಗಿ ಊರಿಗೆ. ಆದ್ದರಿಂದ ಪುಡಿ ಯಾವ ಹೊತ್ತಿನಲ್ಲಿ ಬೀಳುತ್ತದೆ ಎಂಬುದೇ ಮುಖ್ಯ, ಯಂತ್ರ ಯಾವಾಗ ನಿಂತಿರಬಹುದು ಎಂಬ ಸುಳಿವು ಅದರಿಂದ ಸಿಗುತ್ತದೆ. ಹಗಲಿಗೊಂದು, ರಾತ್ರಿಗೊಂದು ಸ್ಟೀಲ್ ತಾಟು ಇಡಿ. ಹದಿನೈದು ದಿನ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಬರೆದಿಟ್ಟು, ಫೋಟೊ ತೆಗೆದು, ಗ್ರಾಮ ಪಂಚಾಯಿತಿಯ ಠರಾವಿನೊಂದಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಬರೀ ‘ಧೂಳು ಬಹಳ’ ಎಂದು ಬರೆದ ಅರ್ಜಿ ಕಡತದಲ್ಲೇ ನಿದ್ದೆ ಹೋಗುತ್ತದೆ. ಚಿಮಣಿ ಹೊಗೆಯ ತಪಾಸಣಾ ವರದಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕು.

ಮರುಪ್ರಶ್ನೆ: ಮಗನಿಗೆ ಕೆಮ್ಮು ಬಿಡುತ್ತಿಲ್ಲ ಸರ್. ಈ ಪುಡಿಯಿಂದಲೇ?

ಉತ್ತರ: ಕೆಮ್ಮಿನ ಕಾರಣವನ್ನು ವೈದ್ಯರೇ ಹೇಳಬೇಕು, ತಡಮಾಡದೆ ತೋರಿಸಿ. ಕಣ್ಣಿಗೆ ಕಾಣುವ ಪುಡಿ ಬಹುಪಾಲು ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಪುಪ್ಪುಸದ ಆಳಕ್ಕೆ ಇಳಿಯುವುದು 2.5 ಮೈಕ್ರಾನ್‌ಗಿಂತ ಸಣ್ಣ ಕಣ (ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ನಮ್ಮ ದೇಶದ ಮಾನದಂಡದಂತೆ ಇಂಥ ಕಣ 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ದಾಟಬಾರದು. ಮನೆಯಲ್ಲಿ ಒಣ ಕಸಬರಿಗೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ನೀರಿನ ಟ್ಯಾಂಕ್ ಮುಚ್ಚಿಡಿ.

ಇನ್ನೊಬ್ಬರ ಪ್ರಶ್ನೆ: ನಾನು ಗಂಗಾವತಿಯ ರೈತ. ಭತ್ತದ ಹುಲ್ಲು ಸುಡುತ್ತೇವೆ, ಎರಡು ದಿನದ ಹೊಗೆ. ಅದನ್ನೂ ಕಾರ್ಖಾನೆಯ ಸಾಲಿಗೆ ಸೇರಿಸುತ್ತೀರಾ?

ಉತ್ತರ: ಸೇರಿಸುತ್ತೇನೆ ಅಣ್ಣ, ಬೇಸರ ಬೇಡ. ಆ ಹೊಗೆಯಲ್ಲಿರುವುದೂ ಅದೇ ಸಣ್ಣ ಕಣ. ಹುಲ್ಲಿನಲ್ಲಿದ್ದ ಸಾರಜನಕ ಬಹುಪಾಲು ಗಾಳಿಪಾಲಾಗುತ್ತದೆ, ಅದನ್ನೇ ಮತ್ತೆ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೀರಿ. ಹುಲ್ಲನ್ನು ಸುರುಳಿ ಕಟ್ಟಿಸಿ ದನ ಸಾಕಿದವರಿಗೆ ಮಾರಬಹುದು. ಆದರೆ ಬೇಲರ್ ಯಂತ್ರದವರಿಗೆ ಕೊಯ್ಲಿಗೆ ಮುಂಚೆಯೇ ಹೇಳಿಡಿ. ಎಲ್ಲರ ಕೊಯ್ಲು ಒಟ್ಟಿಗೆ ಬಂದಾಗ ಅವರು ಫೋನ್ ಎತ್ತುವುದಿಲ್ಲ.