ಹೊರಗುತ್ತಿಗೆ: ಯಾರಿಗೆ ಹೊರಗೆ, ಎಂಥ ಗುತ್ತಿಗೆ?

ನಮಸ್ಕಾರ.

ಔಟ್‌ಸೋರ್ಸಿಂಗ್ ಅಂದರೆ ‘ಹೊರಗುತ್ತಿಗೆ’ ಅಂತ ಹತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಹೋದ ವಾರ ಸಿಕ್ಕಿಬಿದ್ದೆ. ಐಟಿ ಸೇವೆಗಳು ಮುಂದೆ ಯಾವ ದಾರಿ ಹಿಡಿಯುತ್ತವೆ ಅನ್ನುವ ಲೇಖನವೊಂದನ್ನು ಬರೆದು, ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಅಣ್ಣನ ಮಗಳಿಗೆ ಓದಲು ಕೊಟ್ಟೆ. ‘ಬೆಂಗಳೂರಿನ ಹೊರಗುತ್ತಿಗೆ ಉದ್ಯೋಗಿಗಳು’ ಅನ್ನುವಲ್ಲಿಗೆ ಬಂದವಳೇ ನಿಂತಳು. “ಚಿಕ್ಕಪ್ಪ, ನಾನು ಪರ್ಮನೆಂಟು! ಹೊರಗುತ್ತಿಗೆ ಅಂದ್ರೆ ನಮ್ಮ ಗೇಟಲ್ಲಿರೋ ಸೆಕ್ಯುರಿಟಿಯವರು.”

ಅವಳು ಹೇಳಿದ್ದು ಸರಿ. ಈ ಪದ ಬೆಳೆದದ್ದು ಸರ್ಕಾರಿ ಕಚೇರಿಗಳಲ್ಲಿ. ಡಾಟಾ ಎಂಟ್ರಿ ಆಪರೇಟರು, ಡ್ರೈವರು, ಆಸ್ಪತ್ರೆಯ ಡಿ ಗ್ರೂಪಿನವರು. ಕೆಲಸ ಸರ್ಕಾರದ್ದು, ಸಂಬಳ ಏಜೆನ್ಸಿಯ ಕೈಯಿಂದ. ಜನರ ಕಿವಿಗೆ ಇದು ‘ನಾಳೆ ಇದ್ದರೆ ಇತ್ತು’ ಅನ್ನುವ ಕೆಲಸ.

ಇನ್ನು ‘ಹೊರ’. ಹೊರಗೆ ಕೊಡುವುದು ಅಮೆರಿಕದ ಬ್ಯಾಂಕು. ನಮ್ಮ ಕಡೆಯಿಂದ ನೋಡಿದರೆ ಕೆಲಸ ಒಳಗೆ ಬರುತ್ತದೆ. ಸಾಲದ್ದಕ್ಕೆ ಈಗ ಜಿಸಿಸಿಗಳ (ಗ್ಲೋಬಲ್ ಕೇಪಬಿಲಿಟಿ ಸೆಂಟರ್) ಕಾಲ. ಹೊರದೇಶದ ಕಂಪನಿ ಇಲ್ಲೇ ಸ್ವಂತ ಆಫೀಸು ತೆರೆದು, ತನ್ನ ಜನರಿಂದಲೇ ಮಾಡಿಸುತ್ತದೆ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದೂ ಹೀಗೇ. 2024ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಇದಕ್ಕೆಂದೇ ನೀತಿ ತಂದಿತು. 2029ರೊಳಗೆ ಇನ್ನೂ 500 ಕೇಂದ್ರಗಳು ಬರಲಿ ಅನ್ನುವುದು ಗುರಿ. ಅಲ್ಲಿ ಹೊರಗೂ ಇಲ್ಲ, ಗುತ್ತಿಗೆಯೂ ಇಲ್ಲ. ಪತ್ರಿಕೆಗಳು ‘ಜಾಗತಿಕ ಸಾಮರ್ಥ್ಯ ಕೇಂದ್ರ’ ಅನ್ನುತ್ತವೆ. ಬಾಯಲ್ಲಿ ಹಾಗೆ ಅಂದವರನ್ನು ನಾನಂತೂ ಕಂಡಿಲ್ಲ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಗುತ್ತಿಗೆ’. ಮನೆ ಕಟ್ಟಿಸುವಾಗ ಮೇಸ್ತ್ರಿ ಮೊದಲು ಕೇಳಿದ್ದೇ, “ಕೂಲಿ ಲೆಕ್ಕಾನಾ ಸಾರ್, ಗುತ್ತಿಗೆ ಲೆಕ್ಕಾನಾ?” ಕೂಲಿ ಲೆಕ್ಕ ಅಂದರೆ ಎಷ್ಟು ಆಳು, ಎಷ್ಟು ದಿನ. ಗುತ್ತಿಗೆ ಅಂದರೆ ಇಷ್ಟು ಕೆಲಸಕ್ಕೆ ಇಷ್ಟು ದುಡ್ಡು; ನಾಲ್ಕು ಆಳು ಹಾಕುತ್ತಾನೋ ಹತ್ತು ಹಾಕುತ್ತಾನೋ ಅವನಿಗೆ ಬಿಟ್ಟದ್ದು. ಹೊಲ ಗುತ್ತಿಗೆಗೆ ಕೊಡುವಾಗಲೂ ಮೊತ್ತ ಮೊದಲೇ ನಿಗದಿ. ಕಲಬುರಗಿ ಕಡೆಯ ‘ಗುತ್ತೇದಾರ’ ಅನ್ನುವ ಅಡ್ಡಹೆಸರಿನಲ್ಲೂ ಇದೇ ಗುತ್ತ ಇದೆ.

ಹಾಗೆ ನೋಡಿದರೆ ನಮ್ಮ ಐಟಿಯಲ್ಲಿ ಬಹಳಷ್ಟು ನಡೆದದ್ದು ಕೂಲಿ ಲೆಕ್ಕವೇ. ಟೈಮ್ ಅಂಡ್ ಮೆಟೀರಿಯಲ್ ಬಿಲ್ಲು ಅಂದರೆ ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್. (ಫಿಕ್ಸೆಡ್ ಪ್ರೈಸೂ ಇತ್ತು, ಇಲ್ಲವೆನ್ನುವುದಿಲ್ಲ.) ಅಣ್ಣನ ಮಗಳು ಶುಕ್ರವಾರ ಸಂಜೆ ಗೊಣಗಿಕೊಂಡು ತುಂಬುವ ಟೈಮ್‌ಶೀಟು ಮೇಸ್ತ್ರಿಯ ಹಾಜರಿ ಪುಸ್ತಕ ತಾನೇ? ಈಗ ಎಐ ಬಂದು ಕೋಡು, ಟೆಸ್ಟಿಂಗು ಬೇಗ ಮುಗಿಯುತ್ತವೆ ಅಂದಮೇಲೆ ಗ್ರಾಹಕ ಗಂಟೆ ಲೆಕ್ಕದಲ್ಲಿ ಯಾಕೆ ಕೊಡುತ್ತಾನೆ? ಕೆಲಸ ಮುಗಿಸಿ, ದುಡ್ಡು ತಗೊಳ್ಳಿ ಅನ್ನುತ್ತಾನೆ. ಇದಕ್ಕೆ ನನ್ನ ಕರಡಿನಲ್ಲಿ ‘ಫಲಿತಾಂಶಾಧಾರಿತ ದರ ನಿಗದಿ’ ಅಂತ ಇತ್ತು. ಹೊಡೆದುಹಾಕಿ ‘ಗುತ್ತಿಗೆ ಲೆಕ್ಕ’ ಅಂತ ಬರೆದೆ. ಒಂದು ಟಿಕೆಟ್‌ಗೆ, ಅಂದರೆ ಗ್ರಾಹಕ ದಾಖಲಿಸಿದ ಒಂದು ದೂರು ಬಗೆಹರಿಸಿದ್ದಕ್ಕೆ, ಇಷ್ಟು ಅನ್ನುವುದಕ್ಕೆ ಪಿಡಬ್ಲ್ಯುಡಿಯವರ ‘ತುಂಡು ಗುತ್ತಿಗೆ’ ಚೆನ್ನಾಗಿ ಕೂರುತ್ತದೆ.

ತಮಾಷೆ ನೋಡಿ. ಕೂಲಿ ಲೆಕ್ಕದಲ್ಲಿ ನಡೆದಷ್ಟು ಕಾಲ ಅದನ್ನು ಹೊರಗುತ್ತಿಗೆ ಅಂದೆವು. ನಿಜವಾಗಿ ಗುತ್ತಿಗೆ ಆಗುವ ಹೊತ್ತಿಗೆ ಪದ ಗೇಟಿನ ಹತ್ತಿರ ನಿಂತಿದೆ.

ಈಗ ನನ್ನ ಪ್ರಶ್ನೆ. ಕೆಲಸ ತಗೊಳ್ಳುವವರ ಕಡೆಯಿಂದ ಇದಕ್ಕೆ ಏನನ್ನೋಣ? ‘ಒಳಗುತ್ತಿಗೆ’ ಬೇಡ, ಅದು ದೊಡ್ಡ ಗುತ್ತಿಗೆದಾರನ ಕೈಕೆಳಗಿನದು. ‘ಹೊರನಾಡ ಕೆಲಸ’ ಅಂದರೆ ಅನ್ನಪೂರ್ಣೇಶ್ವರಿ ದರ್ಶನಕ್ಕಾ ಅಂತ ಮನೆಯಲ್ಲಿ ನಕ್ಕರು. ಆಡುಮಾತಿನಲ್ಲಿ ಗುತ್ತಿಗೆ ‘ಕೊಡುವುದು’, ಗುತ್ತಿಗೆ ‘ಹಿಡಿಯುವುದು’ ಅಂತ ಕ್ರಿಯಾಪದವೇ ದಿಕ್ಕು ತೋರಿಸುತ್ತದೆ. ‘ಗುತ್ತಿಗೆ ಹಿಡಿದ ಕಂಪನಿ’ ಅಂತ ಬರೆದರೆ ನಿಮಗೆ ಸಾಫ್ಟ್‌ವೇರ್ ಹೊಳೆಯುತ್ತದೆಯೋ, ರಸ್ತೆಗೆ ಡಾಂಬರು ಹಾಕುವವರೋ? ಲೇಖನ ಸೋಮವಾರ ಕೊಡಬೇಕು.