ಪದಚರ್ಚೆ: ಮನೆಮುಂದಿನದು ಅಂಚೆ ಪೆಟ್ಟಿಗೆಯೋ, ಟಪಾಲು ಡಬ್ಬಿಯೋ?

ಪ್ರಶ್ನೆ, ಧಾರವಾಡದಿಂದ:
ಅಮೆರಿಕದ ನಿಯಮವೊಂದರ ಕನ್ನಡ ಕರಡಿನಲ್ಲಿ ‘ಸ್ಟ್ಯಾಂಪಿಲ್ಲದ ಕರಪತ್ರವನ್ನು ಅಂಚೆ ಪೆಟ್ಟಿಗೆಗೆ ಹಾಕುವುದು ಅಪರಾಧ’ ಎಂದಿದೆ. ಓದಿದವರಿಗೆ ಓಣಿ ಮೂಲೆಯ ಕೆಂಪು ಡಬ್ಬಿಯೇ ಕಣ್ಣಿಗೆ ಬರುತ್ತದೆ. ‘ಮೇಲ್‌ಬಾಕ್ಸ್’ ಎಂದರೆ ಇಮೇಲ್ ನೆನಪಾಗುತ್ತದೆ. ಮನೆಯ ಡಬ್ಬಿಗೆ ಬೇರೆ ಪದ ಬೇಕೆ?

ಉತ್ತರ, ಗದಗದಿಂದ:
ಬೇಕೇ ಬೇಕ್ರಿ ಸರ. ಆದರೆ ಎಡವಟ್ಟು ಪದಕ್ಕಿಂತ ‘ಗೆ’ ಪ್ರತ್ಯಯದಲ್ಲಿದೆ. ‘ಡಬ್ಬಿಗೆ ಹಾಕಿ ಬಾ’ ಎಂದರೆ ಟಪಾಲು ಕಳಿಸುವುದು. ‘ಡಬ್ಬ್ಯಾಗ ಹಾಕ್ಯಾನ’ ಎಂದರೆ ಪೋಸ್ಟಮನ್ ತಂದು ಹಾಕಿದ್ದು. (ಬಾಯಿಮಾತಿನಲ್ಲಿ ಈ ಗೆರೆ ಅಷ್ಟು ಕಟ್ಟುನಿಟ್ಟಲ್ಲ, ಕಾನೂನಿನ ವಾಕ್ಯಕ್ಕೆ ಮಾತ್ರ ಉಪಯೋಗ.) ಕರಡು ಹೇಳಬೇಕಾದ್ದು ಎರಡನೆಯದನ್ನು. ಸಪ್ತಮಿಯಲ್ಲಿ ಬರೆಯಿರಿ.

ಮೈಸೂರು ಸೀಮೆಯ ಅಂಚೆ 1889ರಲ್ಲಿ ಬ್ರಿಟಿಷ್ ಇಲಾಖೆಯೊಳಗೆ ಸೇರಿಹೋದರೂ ಹೆಸರು ಉಳಿಯಿತು. 1956ರವರೆಗೆ ಮುಂಬಯಿಗೆ ಸೇರಿದ್ದ ನಮ್ಮ ಕಡೆ ‘ಟಪಾಲು’ ಬಳಕೆಯ ಮಾತು. ಎರಡನ್ನೂ ದುಡಿಸಿಕೊಳ್ಳಿ: ಬೀದಿಯದು ಅಂಚೆ ಪೆಟ್ಟಿಗೆ, ಮನೆಯದು ಟಪಾಲು ಡಬ್ಬಿ.

ಕರಡಿನ ಅರ್ಥವೂ ಅರ್ಧ ಸೋರಿದೆ. ಮೂಲ 1934ರ ಕಾನೂನು. 1981ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ಅಂಚೆ ವೆಚ್ಚ ತಪ್ಪಿಸುವ ಉದ್ದೇಶದಿಂದ, ಗೊತ್ತಿದ್ದೂ’ ಎಂಬ ಮಾತು ಅದರ ಜೀವಾಳ. ಬಿಟ್ಟರೆ ಅಪರಾಧದ ಅಳತೆಯೇ ಬದಲಾಗುತ್ತದೆ. ಶಿಕ್ಷೆ ದಂಡ, ಜೈಲಲ್ಲ. ‘ಕರಪತ್ರ’ ಒಂದೇ ಸಾಲದು, ಬಿಲ್ಲು, ಲೆಕ್ಕದ ಚೀಟಿಗಳೂ ಸೇರುತ್ತವೆ. ಅಂಚೆ ಇಲಾಖೆಯ ಕೈಪಿಡಿ ಇನ್ನೂ ಬಿಗಿ: ವೆಚ್ಚ ಕಟ್ಟದ ಏನನ್ನೂ ಇಡುವಂತಿಲ್ಲ. ನಮ್ಮಲ್ಲಿ ಕೈಯಾರೆ ತಂದು ಡಬ್ಬಿಯಲ್ಲಿ ಸಿಕ್ಕಿಸಿ ಹೋಗುವ ಲಗ್ನಪತ್ರಿಕೆ ಅಲ್ಲಿ ನಡೆಯದು.

‘ಡೋರ್ ಸ್ಲಾಟ್’ ಅನ್ನು ಡಬ್ಬಿ ಎನ್ನಬೇಡಿ, ‘ಬಾಗಿಲ ಕಿಂಡಿ’ ಎನ್ನಿ. ಕಿಂಡಿ ಈ ನಿಯಮದ ಹೊರಗಿದೆ. ಅಲ್ಲಿ ತೂರಿಸಿದ ಕಾಗದಕ್ಕೆ ತಕರಾರಿಲ್ಲ. ಸುದ್ದಿಪತ್ರಿಕೆ ಹಾಕುವ ಗೂಡನ್ನು ಡಬ್ಬಿ ನಿಂತ ಕಂಬಕ್ಕೇ ಕಟ್ಟಬಹುದು, ಡಬ್ಬಿಗೆ ತಾಗಬಾರದು, ಡಬ್ಬಿಯ ಆಧಾರವನ್ನೂ ಪಡೆಯಬಾರದು. ‘ಕಂಬಕ್ಕೆ’ ಎಂಬಲ್ಲಿ ‘ಡಬ್ಬಿಗೆ’ ಎಂದು ಅನುವಾದಿಸಿದರೆ ನಿಯಮ ಉಲ್ಟಾ.

ತಿದ್ದಿದ ವಾಕ್ಯ ಹೀಗಿರಲಿ: ‘ಅಂಚೆ ವೆಚ್ಚ ತಪ್ಪಿಸುವ ಉದ್ದೇಶದಿಂದ, ಗೊತ್ತಿದ್ದೂ, ವೆಚ್ಚ ಕಟ್ಟದ ಬಿಲ್ಲು, ಕರಪತ್ರ ಮುಂತಾದವನ್ನು ಮನೆಯ ಟಪಾಲು ಡಬ್ಬಿಯಲ್ಲಿ ಹಾಕಿದರೆ ಪ್ರತಿ ಸಲಕ್ಕೂ ದಂಡ.’